ಸುಳ್ಳುಮೀನು

ಮೊದಲನೆಯದು ಮುಳುಗಿತು.
ಮುಳುಗಿದ್ದಕ್ಕಲ್ಲ ಮಾವನ ಬೇಸರ, ಉಬ್ಬಿದ್ದಕ್ಕೆ.
ಹೊಟ್ಟೆಯ ಬಣ್ಣ ಬಿರಿದು, ಕೆರೆಯ ನೀರು ಕುಡಿದು
ಬಸುರಿಯ ಹಾಗೆ ಬಂತು ಮನೆಗೆ.
"ತೂತು ನೋಡು" ಅಂದ ಚೌರಪ್ಪಮಾವ,
"ಕೊಕ್ಕೆಯ ತಿರುಪು ಹೊಕ್ಕ ಜಾಗ.
ನೀರಿಗೆ ಬಾಗಿಲು ಬೇಡ, ಸೂಜಿಮೊನೆ ಸಾಕು."

ನಲವತ್ತು ವರ್ಷ ಜೆ.ಸಿ. ರಸ್ತೆಯಲ್ಲಿ
ನಂಬರ್ ಪ್ಲೇಟು ಬರೆದವನು.
ಸೊನ್ನೆಯನ್ನು ಒಂದೇ ಉಸಿರಿಗೆ ಸುತ್ತುತ್ತಿದ್ದ ಕೈ.
ಅಚ್ಚೊತ್ತಿದ ಪ್ಲೇಟು ಬಂದ ವರ್ಷ
ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು
ಹಾರ್ಲಿಕ್ಸ್ ಬಾಟಲಿಯಲ್ಲಿ ತಲೆ ಮೇಲಾಗಿ ನಿಲ್ಲಿಸಿ
ಬೇಗೂರು ಕೆರೆಯ ದಂಡೆಗೆ ಹೋಗಿ ಕೂತ.

ಹೊಸೂರು ರಸ್ತೆಯಲ್ಲಿ ಗಾಳಿಗೆ ಬಿದ್ದ ಆಕಾಶಮಲ್ಲಿಗೆ;
ಪಾಲಿಕೆಯ ಲಾರಿ ಬರುವ ಮೊದಲೇ
ಒಂದು ಕೊಂಬೆ ಟಿವಿಎಸ್ಸಿನ ಕಾಲ ಬಳಿ ಸೇರಿತ್ತು.
ಬಿರಟೆಮರ ಅನ್ನುತ್ತಾರೆ ಅದಕ್ಕೆ ಹಳಬರು.
ಉಗುರಲ್ಲಿ ಒತ್ತಿದರೂ ಗುರುತು ಉಳಿಯುತ್ತದೆ.
ಚಾಕು, ಉಪ್ಪುಕಾಗದ. ಹೊಟ್ಟೆಗೆ ಸೀಸ,
ಪಂಕ್ಚರ್ ಅಂಗಡಿಯ ಮುಬಾರಕ್ ಕೊಟ್ಟದ್ದು,
ಚಕ್ರದ ತೂಕ ಸರಿದೂಗಿಸಲು ಬಡಿಯುತ್ತಾರಲ್ಲ, ಅದರ ಚೂರು.
ಬಕೆಟ್ಟಿನಲ್ಲಿ ಬಿಟ್ಟರೆ ಬೆನ್ನು ಮೇಲಾಗಿ ನಿಲ್ಲಬೇಕು,
ವಾಲಿದರೆ "ಕುಡುಕ" ಎಂದು ಪಕ್ಕಕ್ಕೆ.

ಆಮೇಲೆ ಸೀಲರು. ಥಿನ್ನರಿನಲ್ಲಿ ಸಡಿಲಿಸಿ ಅದ್ದು,
ಬಟ್ಟೆಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕು.
ಅತ್ತೆಯ ನೈಟಿ, ಮಾವನ ಬನಿಯನ್ನು, ನಡುವೆ ಐದು ಮೀನು.
ಒಣಗಿದ ಮೇಲೆ ಮುಟ್ಟಿದರೆ
ಗಡ್ಡ ಬಂದಿರುತ್ತದೆ ಮರಕ್ಕೆ.
ಉಜ್ಜು. ಮತ್ತೆ ಅದ್ದು. ಗಡ್ಡ ನಿಲ್ಲುವ ತನಕ.
ಆಷಾಢದ ಜಿಟಿಜಿಟಿಯಲ್ಲಿ ಅವಸರಪಟ್ಟ ದಿನ
ವಾರ್ನಿಷ್ಷು ಬೆಳ್ಳಗೆ ಕೆನೆ ಕಟ್ಟಿತು,
ಮುದಿಗಣ್ಣಿನ ಪೊರೆಯಂತೆ.
ಮಾತಾಡದೆ ಎಲ್ಲ ಕೆರೆದು ಹಾಕಿದ.

ಹುರುಪೆಗೆ ಬಲೆ ಬೇಕು.
ಈರುಳ್ಳಿ ಚೀಲ ಹಿಡಿದರೆ ಮೊಸಳೆಯಾಯಿತು,
ಬೆಳ್ಳುಳ್ಳಿ ಚೀಲ ಮೈಗೆ ಕೂರಲಿಲ್ಲ.
ಕಡೆಗೆ ಅತ್ತೆ ಟ್ರಂಕಿನಿಂದ ತೆಗೆದದ್ದು
ನನ್ನ ಮೊದಲ ಪರಮಪ್ರಸಾದದ ಮುಸುಕು.
ಬೇಡ ಅನ್ನಲು ಬಾಯಿ ತೆರೆದೆ; ಆಗಲೇ ಅದು
ಮೀನಿಗೆ ಬಿಗಿಯಾಗಿ ಸುತ್ತಿ ಬೆನ್ನಲ್ಲಿ ಕ್ಲಿಪ್ಪು ಕಚ್ಚಿತ್ತು.
ಆಟೋ ಹಸಿರು, ಮೇಲೊಂದು ಸುತ್ತು ಆಟೋ ಹಳದಿ.
ಬಿಚ್ಚಿದಾಗ ಸಾಲು ಸಾಲು ಹುರುಪೆ,
ಬಿಸಿಲಿಗೆ ತಿರುಗಿಸಿದರೆ ಒಂದೊಂದೇ ಏಳುವುದು.
ನಾನು ಸುಮ್ಮನಾದೆ.

ಕಣ್ಣು ಮಾತ್ರ ಅವನ ಕೈಗೆ ಬಾರದು ಈಗ.
ಸೊನ್ನೆ ನಡುಗುತ್ತದೆ.
ಕುಂಚ ನನ್ನ ಕಡೆ ನೂಕಿ ಬೇರೆಲ್ಲೋ ನೋಡುತ್ತಾನೆ.
ನನ್ನದು ಬ್ಯೂಟಿ ಪಾರ್ಲರು; ಮದುಮಗಳ ಕಿರುಬೆರಳ ಉಗುರಿನಲ್ಲಿ
ನವಿಲು ಕೂರಿಸಿದವಳು ನಾನು.
ಹಳದಿ ಚುಕ್ಕೆ, ಒಳಗೆ ಕಪ್ಪು,
ಕಪ್ಪಿನೊಳಗೆ ಸಾಸಿವೆಗಿಂತ ಸಣ್ಣ ಬಿಳಿ.
ಎಡಗಣ್ಣು ಸರಿ ಬಂತು. ಬಲಗಣ್ಣು ತುಸು ಮೇಲೆ.
"ಇರಲಿ, ಎರಡು ಕಣ್ಣೂ ಒಟ್ಟಿಗೆ ಕಂಡವರು ಯಾರು?"

ಕಡೆಯ ಲೇಪ ನನ್ನ ಅಂಗಡಿಯ ಜೆಲ್ಲು.
ಉಗುರು ಒಣಗಿಸುವ ನೀಲಿ ಬೆಳಕಿನ ಪೆಟ್ಟಿಗೆಯಲ್ಲಿ
ಬೆರಳಿನ ಬದಲು ಮೀನು.
ಕಾಯುತ್ತಿದ್ದ ಗಿರಾಕಿ ಬಗ್ಗಿ ನೋಡಿದಳು:
"ಏನ್ರೀ ಇದು, ಹೊಸ ಫ್ಯಾಶನ್ನಾ?"

ಭಾನುವಾರ ಪೂಜೆ ಮುಗಿಸಿ ಬಂದು ಎಸೆದ.
ಅಂತರಗಂಗೆಯ ಸಂದಿನಲ್ಲಿ ಸುಳ್ಳುಮೀನು
ಎರಡು ಸಲ ಬಳುಕಿತು,
ನೀರು ಬಾಯಿ ತೆರೆದು ಮುಚ್ಚಿತು.
ದಾರ ಬಿಗಿದದ್ದು ಎಣಿಸಿ ನಾಲ್ಕು ಉಸಿರು.
ಆಮೇಲೆ ಸಡಿಲ. ಕೊರಮೀನು ಹೋಯಿತು.

ಮೂರು ಹಲ್ಲಿನ ಗುರುತು,
ಬಣ್ಣ ದಾಟಿ, ಸೀಲರು ದಾಟಿ,
ಬಿರಟೆಮರದ ತನಕ.
ಮತ್ತೆ ಬಳಿಯೋಣ ಅಂದೆ.
ಕನ್ನಡಕ ಹಣೆಗೇರಿಸಿ, ಆರ್‌ಸಿ ಪುಸ್ತಕ ಓದುವವನ ಹಾಗೆ
ಹತ್ತಿರ ಹಿಡಿದು ನೋಡಿ ಅಂದ:
"ಬೇಡ. ಇದು ಅದರ ನಂಬರು."

ಸಂಜೆ ಅಂಗಡಿಯ ಶಟರ್ ಅರ್ಧ ಎಳೆದು
ಆ ಮೂರು ತೂತಿಗೆ ಮಾತ್ರ
ಸೂಜಿಮೊನೆಯಲ್ಲಿ ಜೆಲ್ಲು ಬಿಟ್ಟೆ.
ಗುರುತು ಕಾಣಬೇಕು, ನೀರು ಹೋಗಬಾರದು.
ಮಾವ ಎರಡೂ ಕೈಯಲ್ಲಿ ಮೀನು ಹಿಡಿದಿದ್ದ.

ಮುಸುಕು ಎಷ್ಟು ತೊಳೆದರೂ ಹಸಿರು ಬಿಡಲಿಲ್ಲ.
ಅತ್ತೆ ಅದನ್ನು ಮಡಿಚಿ
ಮತ್ತೆ ಟ್ರಂಕಿಗೇ ಇಟ್ಟಳು.