ಮಂಗಳವಾರ, ಶುಕ್ರವಾರ ಮಾತ್ರ

ಕಿಟಕಿ ಪಕ್ಕದ ಸೀಟಿನಲ್ಲಿ ಯಾರೋ ಬಿಟ್ಟುಹೋದ ಪುಸ್ತಕ.
ಶಾಂತಿನಗರ ಡಿಪೋದ ಕಪಾಟಿನಲ್ಲಿ
ಮೂರು ಟಿಫನ್ ಕ್ಯಾರಿಯರು, ಒಂಟಿ ಚಪ್ಪಲಿ,
ಅರ್ಧ ಹೆಣೆದ ಸ್ವೆಟರಿನ ಜೊತೆ
ಆರು ತಿಂಗಳು ಕೂತಿತ್ತು. ಕೇಳಿಕೊಂಡು ಯಾರೂ ಬರಲಿಲ್ಲ.
"ತಗೊಂಡ್ಹೋಗಿ ಮೇಡಂ, ಇಲ್ಲಾಂದ್ರೆ ರದ್ದಿಗೆ"
ಅಂದಳು ಗುಮಾಸ್ತೆ ಫಿಲೋಮಿನಾ.

ಕರ್ಕ್‌ಬೆಕ್ ಅಂತ ಊರು. ಇಂಗ್ಲೆಂಡಿನ ಉತ್ತರಕ್ಕೆ,
ಭೂಪಟದಲ್ಲಿ ಸಾಸಿವೆ ಕಾಳು.
ಜನಸಂಖ್ಯೆ ಒಂಬೈನೂರ ನಲವತ್ತು:
ಸೋಮವಾರ ನನ್ನ ಒಂದು ಶಿಫ್ಟಿಗೆ ಹತ್ತಿ ಇಳಿಯುವ ಮಂದಿ.

ಎರಡನೇ ಟ್ರಿಪ್ಪು ಮುಗಿಸಿ, ಮಾರ್ಕೆಟ್ ಸ್ಟ್ಯಾಂಡಿನಲ್ಲಿ
ಚಿತ್ರಾನ್ನದ ಡಬ್ಬಿ ಬಿಚ್ಚಿ, ಮೊಣಕಾಲ ಮೇಲೆ ಪುಟ ಹರವಿ
ಆ ಊರಿಗೆ ಹೋಗಿ ಬರುತ್ತಿದ್ದೆ.
ಮೊದಮೊದಲು ದಾರಿ ತಪ್ಪಿತು.
ಅಲ್ಲಿ ಫೆಲ್ ಅಂದರೆ ಬಿದ್ದದ್ದಲ್ಲ, ಗುಡ್ಡ.
ಫೋರ್ಸ್ ಅಂದರೆ ಪೊಲೀಸರಲ್ಲ, ಜಲಪಾತ.
ಬೆಕ್ ಅಂದರೆ ಬೆಕ್ಕಲ್ಲ, ಹಳ್ಳ.
ಹಳ್ಳಕ್ಕೆ ಸೇತುವೆ, ಸೇತುವೆಗೆ ಕತೆ, ಕತೆಗೆ ಒಂದು ಫೋಟೋ.
ನಮ್ಮ ವೃಷಭಾವತಿಯನ್ನು ದಿನಕ್ಕೆ ಎಂಟು ಸಲ ದಾಟುತ್ತೇನೆ,
ಮೂಗು ಮುಚ್ಚಿಕೊಂಡು.

ಗುಡ್ಡದ ಮೇಲೆ ಗಾರೆಯಿಲ್ಲದೆ ಪೇರಿಸಿದ ಕಲ್ಲಗೋಡೆ,
ಹಳೆ ಕೌದಿಯ ಹೊಲಿಗೆಯ ಹಾಗೆ ವಾರೆವಾರೆ.
ಊರ ತುದಿಗೆ ಸೂರಿಲ್ಲದ ಕೋಟೆ.
ಪ್ರವೇಶ ಉಚಿತ. ಗೇಟು ಹಾಕಿಕೊಳ್ಳಿ, ಒಳಗೆ ಕುರಿಗಳಿವೆ.
ಓದಿ ತಲೆಯೆತ್ತಿದರೆ ಎದುರಿಗೇ ನಮ್ಮ ಕೋಟೆ.
ಇಪ್ಪತ್ತೆರಡು ವರ್ಷ "ಕೋಟೆ, ಕೋಟೆ" ಅಂತ ಕೂಗಿ
ಲಕ್ಷ ಜನರನ್ನು ಅಲ್ಲಿ ಇಳಿಸಿದ್ದೇನೆ.
ನಾನು ಒಳಗೆ ಕಾಲಿಟ್ಟಿಲ್ಲ.

ಪುಟದಂಚಿನಲ್ಲಿ ಪೆನ್ಸಿಲ್ಲಿನ ಸಣ್ಣ ಅಕ್ಷರ, ಎಡಕ್ಕೆ ಬಾಗಿದ್ದು.
"ಇಲ್ಲಿ ಟೀ ಚೆನ್ನ. ಬುಧವಾರ ಬಾಗಿಲು."
"ಇನ್ನೂರು ಮೆಟ್ಟಿಲು ಅನ್ನುತ್ತಾರೆ. ಸುಳ್ಳು. ಇನ್ನೂರ ಹದಿನಾಲ್ಕು."
ಮೆಟ್ಟಿಲು ಎಣಿಸುವವರನ್ನು ನಾನು ನಂಬುತ್ತೇನೆ.
ನಾನೂ ತಲೆ ಎಣಿಸಿ ಬದುಕಿದವಳು.

ಕೊನೆಯ ಪುಟದಲ್ಲಿ ಬಸ್ಸಿನ ವೇಳಾಪಟ್ಟಿ.
ಮಂಗಳವಾರ, ಶುಕ್ರವಾರ ಮಾತ್ರ.
ಬರುವುದು ಹತ್ತು ನಲವತ್ತಕ್ಕೆ, ಹೊರಡುವುದು ನಾಲ್ಕು ಹತ್ತಕ್ಕೆ.
ಟಿಕೆಟ್ಟು ಡ್ರೈವರೇ ಕೊಡುತ್ತಾನೆ.
ನಮ್ಮ ಯಲ್ಲೋಜಿರಾಯರು ಸ್ಟೀರಿಂಗ್ ಮೇಲೆ ಬಿದ್ದು ನಕ್ಕರು:
"ಹಂಗಾದ್ರೆ ಚಿಲ್ಲರೆ ಜಗಳ ಯಾರ ಹತ್ರ ಆಡ್ತಾರಮ್ಮ?"
ನನಗೆ ನಗು ಬರಲಿಲ್ಲ.
ಇಲ್ಲಿ ನಾಲ್ಕು ನಿಮಿಷ ತಡವಾದರೆ ನನ್ನ ವಂಶ ಎತ್ತಿ ಬೈಯುತ್ತಾರೆ.
ಅಲ್ಲಿ ಶುಕ್ರವಾರ ತಪ್ಪಿಸಿಕೊಂಡವಳು
ಮಂಗಳವಾರದ ತನಕ ಯಾರನ್ನು ಬೈಯುತ್ತಾಳೆ?

ಜಲಪಾತದ ಪುಟದಲ್ಲಿ ಮೂರೇ ಸಾಲು.
"ಮಳೆ. ಏನೂ ಕಾಣಲಿಲ್ಲ. ಒಳ್ಳೆಯ ದಿನ."
ತಪ್ಪು ಓದಿದೆನೇನೋ ಎಂದು
ಫಿಲೋಮಿನಾಗೆ ಎರಡು ಸಲ ಓದಿಸಿದೆ.
"ಅಷ್ಟೇ ಇರೋದು" ಅಂದಳು. ತಾನೂ ಸ್ವಲ್ಪ ಹೊತ್ತು ನೋಡುತ್ತ ನಿಂತಳು.

ನಿನ್ನೆ ಯಲಹಂಕದ ಟ್ರಿಪ್ಪು. ಹೆಬ್ಬಾಳದ ಮೇಲ್ಸೇತುವೆ ಮೇಲೆ
ಐವತ್ತು ನಿಮಿಷ ನಿಂತಲ್ಲೇ ನಿಂತೆವು.
ಸುರಿಯುತ್ತಿತ್ತು. ಗಾಜಿಗೆ ಉಸಿರಿನ ಮಬ್ಬು.
ಕೆಳಗೆ ಕೆರೆ ಇರಬೇಕು, ಕೊಕ್ಕರೆ ಇರಬೇಕು.
ಮಲ್ಲಿಗೆ ಬುಟ್ಟಿಯ ಅಜ್ಜಿ ಕೇಳಿದಳು, "ಎಲ್ಲಿದೀವಿ ತಾಯಿ?"
ಫೋರ್ಸಿನ ಹತ್ತಿರ, ಎನ್ನಲು ಬಾಯಿ ತೆರೆದವಳು
"ಬಂತು ಬಂತು" ಅಂದೆ.
ಗಂಡಸರು ಫೋನಿನಲ್ಲಿ ಯಾರಿಗೋ ಸುಳ್ಳು ಹೇಳುತ್ತಿದ್ದರು, ಹತ್ತಿರದಲ್ಲೇ ಇದೀನಿ ಅಂತ.
ಒಂದು ಮಗು ಗಾಜಿನ ಮೇಲೆ ಕುರಿಯಂಥದ್ದೇನೋ ಬರೆದು
ಅಂಗೈಯಲ್ಲಿ ಒರೆಸಿತು.

ವೇಬಿಲ್ಲಿನ ಹಿಂದೆ ಬರೆದೆ:
ಮಳೆ. ಏನೂ ಕಾಣಲಿಲ್ಲ.
ಮೂರನೆಯ ಸಾಲಿಗೆ ಪೆನ್ನು ಊರುವಷ್ಟರಲ್ಲಿ
ಬಸ್ಸು ಒಮ್ಮೆ ಅಲುಗಿತು.
ಬಾಗಿಲ ಹತ್ರ ಜಾಗ ಬಿಡ್ರೀ, ಇಳಿಯೋರಿದ್ದಾರೆ.
ರೈಟ್, ರೈಟ್.