ಬಲಕ್ಕೆ ಬಾಣ

ಕೂತ್ಕೊಳ್ಳಿ ವಾರಿಜಾ ಮೇಡಂ, ಆ ಟಯರಿನ ಮೇಲೆ. ಚಾ ಬರುತ್ತೆ.
ಜೆ.ಸಿ. ರೋಡಿನ ಈ ಸಂದಿಯಲ್ಲಿ ಮೂವತ್ತೊಂದು ವರ್ಷ,
ನಾನು ಪಾಸ್‌ಪೋರ್ಟು ಮಾಡಿಸಿದವನಲ್ಲ.
ಆದರೆ ಯೂರೋಪು ಸುತ್ತಿ ಬಂದವರೆಲ್ಲ
ಇಲ್ಲಿಗೇ ಬಂದು ಬೀಳುತ್ತಾರೆ, ಕಥೆ ಸಮೇತ.
ಬಿಲ್‌ಬುಕ್ಕಿನ ಹಿಂಬದಿ ಬರೆದಿಟ್ಟಿದ್ದೇನೆ.
ಗ್ರೀಸು ಮೆತ್ತಿದ ಕಡೆ ಮಾತ್ರ ಓದಲಿಕ್ಕಾಗದು.

ಮೊದಲು ಕಾಗದ.
ಇಂಟರ್‌ನ್ಯಾಷನಲ್ ಪರ್ಮಿಟ್ಟಿಗೆ ಜಯನಗರದ ಆರ್‌ಟಿಓ,
ಬೆಳಗ್ಗೆಯೇ ಹೋಗಿ, ಊಟದ ಹೊತ್ತಿಗೆ ಬೇಡ.
ನಮ್ಮ ಲೈಸೆನ್ಸೂ ಜೇಬಿನಲ್ಲಿರಲಿ, ಅದಿಲ್ಲದೆ ಇದು ರದ್ದಿ.
ಬಾಡಿಗೆಗೆ ಗಾಡಿ ಕೊಡುವವನು ಕಾರ್ಡಿನಲ್ಲಿ ದೊಡ್ಡ ಮೊತ್ತ ಹಿಡಿದಿಡುತ್ತಾನೆ,
ಇದನ್ನು ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಕೂತವರಿಗೆ ನಾನು ಹೇಳಬೇಕೆ.
ಕೀಲಿ ಈಸಿಕೊಳ್ಳುವ ಮುಂಚೆ ಒಂದೊಂದು ಗೀಚಿಗೂ ಫೋಟೊ.
ಬಗ್ಗಿ, ಸೈಲೆನ್ಸರಿನ ಹೊಟ್ಟೆಯನ್ನೂ ನೋಡಿ,
ಹೆಣ್ಣು ನೋಡಲು ಹೋದವರ ಹಾಗಲ್ಲ,
ಶಿವಾಜಿನಗರದಲ್ಲಿ ಹಳೇ ಗಾಡಿ ಕೊಳ್ಳುವವರ ಹಾಗೆ.

ಈಗ ಮುಖ್ಯದ್ದು. ಅಲ್ಲಿ ಬಲಗಡೆ ಓಡಿಸಬೇಕು.
ಗೊತ್ತು ಅಂತೀರಿ. ಎಲ್ಲರಿಗೂ ಗೊತ್ತಿತ್ತು.
ಗದ್ದಲದಲ್ಲಿ ತಪ್ಪುವುದಿಲ್ಲ, ಮುಂದಿನ ಗಾಡಿಯ ಬಾಲ ಹಿಡಿದು ಸಾಗುತ್ತೀರಿ.
ತಪ್ಪುವುದು ಬೆಳಗಿನ ಖಾಲಿ ದಾರಿಯಲ್ಲಿ,
ಪೆಟ್ರೋಲು ಹಾಕಿಸಿ, ಕಾಫಿ ಕುಡಿದು,
ಮನಸ್ಸು ಹಗುರಾಗಿ ಹೊರಟಾಗ.
ಕೈ ತಾನಾಗಿ ಲಾಲ್‌ಬಾಗ್ ರಸ್ತೆಗೆ ತಿರುಗಿಬಿಡುತ್ತದೆ.
ಅದಕ್ಕೇ ಈ ಕೆಂಪು ಟೇಪು.
ಟ್ಯಾಂಕಿನ ಮೇಲೆ ಬಲಕ್ಕೊಂದು ಬಾಣ ಅಂಟಿಸಿ.
ನಡುಗೆರೆ ನಿಮ್ಮ ಎಡ ಭುಜದ ಪಕ್ಕದಲ್ಲಿರಬೇಕು.
ಇಲ್ಲಿ ಗೆರೆಯೇ ಇಲ್ಲ, ಆ ಮಾತು ಬೇರೆ.

ಸರ್ಕಲ್ಲು ಬಂದರೆ ನಿಮ್ಮ ಪ್ರದಕ್ಷಿಣೆಗೆ ಉಲ್ಟಾ.
ಅಮ್ಮಿ ಹಜ್‌ನಿಂದ ಬಂದಾಗ ಬೆರಳು ಸುತ್ತಿಸಿ ತೋರಿಸಿದ್ದಳು,
ಅದೇ ದಿಕ್ಕು. ಮಿನರ್ವ ಸರ್ಕಲ್ಲನ್ನು ಮರೆತುಬಿಡಿ.
ಒಳಗಿದ್ದವನದು ದಾರಿ, ಹೊರಗಿನವನು ಕಾಯಬೇಕು.
ಬೋರ್ಡಿಲ್ಲದ ಕೂಡುದಾರಿಯಲ್ಲಿ ಬಲದಿಂದ ಬಂದವನೇ ಯಜಮಾನ,
ಹುಲ್ಲಿನ ಟ್ರ್ಯಾಕ್ಟರಿನಲ್ಲಿ ಬಂದರೂ.
ಮೂಗು ತೂರಿಸಿ ಜಾಗ ಮಾಡಿಕೊಳ್ಳುವ ವಿದ್ಯೆ
ಇಲ್ಲೇ ಬಿಟ್ಟು ಹೋಗಿ, ಬಂದಾಗ ವಾಪಸು ಕೊಡುತ್ತೇನೆ.
ಹಾರನ್ನಿಗೂ ರಜೆ. ಅಲ್ಲಿ ಅದು ಬೈಗುಳ.
ಕಾಕ್ಸ್‌ಟೌನಿನ ಇಗ್ನೇಷಿಯಸ್, ಒಂಬತ್ತನೇ ದಿನ,
ಉದ್ದದ ಸುರಂಗದಲ್ಲಿ ಹಿಂದೆ ಮುಂದೆ ಯಾರೂ ಇಲ್ಲದಾಗ
ಒಂದೇ ಒಂದು ಸಲ ಒತ್ತಿದನಂತೆ,
ಊರಿನ ನೆನಪಾಗಿ.

ಕಲ್ಲು ಹಾಸಿದ ಬೀದಿ ಮಳೆಯಲ್ಲಿ ಸೋಪು.
ಟ್ರಾಮಿನ ಕಂಬಿಯನ್ನು ಅಡ್ಡಲಾಗಿ ದಾಟಿ, ಓರೆಯಾಗಿ ಅಲ್ಲ.
ದೊಡ್ಡ ಬೆಟ್ಟದ ಘಾಟಿಗಳು ಜೂನ್ ಬರುವವರೆಗೆ ಹಿಮದಲ್ಲಿ ಮುಚ್ಚಿರಬಹುದು,
ಟಿಕೆಟ್ಟು ತೆಗೆಯುವ ಮುಂಚೆ ವಿಚಾರಿಸಿ.
ನಂದಿಬೆಟ್ಟದ ತಿರುವು ನಿಮಗೆ ಬಾಯಿಪಾಠ, ಆದರೂ ಹೇಳುತ್ತೇನೆ:
ಕಣ್ಣು ಪ್ರಪಾತದಲ್ಲಿಟ್ಟರೆ ಗಾಡಿ ಅಲ್ಲಿಗೇ,
ಕಣ್ಣು ತಿರುವಿನ ಆಚೆಗಿಟ್ಟರೆ ಗಾಡಿ ಆಚೆಗೆ.
ಹೆದ್ದಾರಿಗೆ ಸ್ಟಿಕ್ಕರು ಕೇಳುವ ದೇಶಗಳಿವೆ, ಗಡಿಗೆ ಮುಂಚಿನ ಬಂಕಿನಲ್ಲೇ ಕೊಳ್ಳಿ.
ಜರ್ಮನಿಯಲ್ಲಿ ಭಾನುವಾರ ಅಂಗಡಿಯ ಬಾಗಿಲು ತೆಗೆಯುವುದಿಲ್ಲ,
ಶನಿವಾರವೇ ಬ್ರೆಡ್ಡು, ಬಾಳೆಹಣ್ಣು.
ಗ್ಲೌಸು ಎರಡು ಜೊತೆ. ಒದ್ದೆ ಗ್ಲೌಸಿನ ಸಂಕಟ
ಬಿಸಿಲಲ್ಲಿ ಬೆಳೆದವರಿಗೆ ಹೇಳಿದರೆ ತಿಳಿಯದು.

ಕೊನೆಯದು ಬಿಲ್‌ಬುಕ್ಕಿನಲ್ಲಿಲ್ಲ.
ಮುರಿದ ಗಾಡಿಗಳನ್ನು ನೋಡಿ ನಾನೇ ಕಲಿತದ್ದು.
ಜನ ಅಲ್ಲಿ ಬೀಳುವುದಿಲ್ಲ ಮೇಡಂ, ಬಂದ ಮೇಲೆ ಬೀಳುತ್ತಾರೆ.
ಆರು ಸಾವಿರ ಕಿಲೋಮೀಟರು ಒಂದು ಗೀಚಿಲ್ಲದೆ ಮುಗಿಸಿದ ಇಗ್ನೇಷಿಯಸ್‌
ಭುಜದ ಎಲುಬು ಮುರಿದುಕೊಂಡದ್ದು ಇಲ್ಲಿ, ಊರ್ವಶಿ ಟಾಕೀಸಿನ ಹತ್ತಿರ.
ಬಲದಿಂದ ಬಂದವನಿಗೆ ದಾರಿ ಬಿಡಲು
ಮರ್ಯಾದೆಯಾಗಿ ನಿಂತಿದ್ದ.
ಹಿಂದಿನ ಆಟೋದವನಿಗೆ ಅದು ಹೇಗೆ ಗೊತ್ತಾಗಬೇಕು?

ಆದ್ದರಿಂದ ಇಳಿದ ದಿನ ಗಾಡಿ ಹತ್ತಬೇಡಿ.
ಬಸ್ಸಿನಲ್ಲಿ ಬನ್ನಿ, ಇಲ್ಲಿ ಕೂತು ಒಂದು ಗಂಟೆ ರಸ್ತೆ ನೋಡಿ,
ಹಾರನ್ನು ಕಿವಿಗೆ ಒಗ್ಗುವವರೆಗೆ.
ಆಮೇಲೆ ನಿಮ್ಮ ಹಳೇ ಗಾಡಿಯ ಟ್ಯಾಂಕಿಗೆ
ಎಡಕ್ಕೊಂದು ಬಾಣ ನಾನೇ ಅಂಟಿಸುತ್ತೇನೆ.

ಟೇಪಿಗೆ ದುಡ್ಡು ಬೇಡ.
ಆ ಸುರಂಗ ಸಿಕ್ಕರೆ
ನನ್ನ ಹೆಸರಲ್ಲಿ ಒಂದು ಸಲ ಒತ್ತಿ.