ಯಾವ ಮಾಡಿಗೆ

ಶನಿವಾರ ರಾತ್ರಿ ಅಕ್ಕಿರೊಟ್ಟಿ ಕಚ್ಚುವಾಗ
ಬೊಳ್ಳುವಿನ ಕೆಳಹಲ್ಲು ಕೈಗೆ ಬಂತು.
ಒಂದು ಹನಿ ರಕ್ತ, ಆಮೇಲೆ ನಗು,
ಆಮೇಲೆ, ‘ಅವ್ವಂಗೆ ಹೇಳ್ಬೇಕು.’

ಹೇಳುವುದಕ್ಕೆ ನಮ್ಮಲ್ಲೊಂದು ಪುಸ್ತಕವಿದೆ,
ನೂರು ಪುಟದ್ದು, ಗೆರೆ ಹಾಕಿದ್ದು,
ಅವಳ ಚೀಲದ ಜೊತೆ ಹೋಗಿ ಬರುತ್ತದೆ.
ನಾನು ಬರೆಯುತ್ತೇನೆ: ಕೆಮ್ಮು ಇದೆ, ಸಿರಪ್ ಎರಡು ಸಲ ಆಗಿದೆ.
ತನುಜ ಬರೆಯುತ್ತಾಳೆ: ಸೋಮವಾರ ಟೆಸ್ಟು, ಏಳರ ಮಗ್ಗಿ.
ಸಂಬೋಧನೆ ಇಲ್ಲ, ಸಹಿ ಇಲ್ಲ.
ಒಂದೇ ಸೂರಿನಡಿ ಇದ್ದ ಒಂಬತ್ತು ವರ್ಷದಲ್ಲಿ
ಇಷ್ಟು ಬಿಡಿಸಿ ನಾವು ಏನನ್ನೂ ಹೇಳಿಕೊಂಡಿರಲಿಲ್ಲ.

ಮಡಿಕೇರಿಯ ಕೋರ್ಟು ಕೊಟ್ಟ ಹಾಳೆಗಳಲ್ಲಿ ಎಲ್ಲ ಇದೆ.
ಮೊದಲ ಮತ್ತು ಮೂರನೇ ಶನಿವಾರ ಬೆಳಿಗ್ಗೆ ಹತ್ತರಿಂದ
ಭಾನುವಾರ ಸಂಜೆ ಐದರವರೆಗೆ.
ದಸರಾ ರಜೆ ಅರ್ಧರ್ಧ.
ಹುತ್ತರಿ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ.
ಅಭಿರಕ್ಷೆ ಎಂಬ ಪದ ನಾನು ಮೊದಲು ಕೇಳಿದ್ದು ಅಲ್ಲೇ.
ಕಾಫಿ ಪಲ್ಪರ್ ರಿಪೇರಿ ಮಾಡುವವನ ಕಿವಿಗೆ
ಅದೊಂದು ಬಿಡಿಭಾಗದ ಹೆಸರಿನಂತೆ ಕೇಳಿಸಿತು,
ಎರಡು ಯಂತ್ರಕ್ಕೆ ಒಂದೇ ಇರುವಂಥದ್ದು.

ಯಾರ ಹತ್ತಿರ ಇರ್ತೀಯಮ್ಮ ಎಂದು ಜಡ್ಜು ಕೇಳಿದಾಗ
‘ನಾಯಿ ಯಾರ ಹತ್ತಿರ ಇರುತ್ತೆ?’ ಅಂದಿದ್ದಳಂತೆ.
ಅದನ್ನು ಯಾರೂ ಟೈಪ್ ಮಾಡಿಲ್ಲ.
ಹಲ್ಲಿನ ಬಗ್ಗೆಯೂ ಏನೂ ಇಲ್ಲ,
ರಾತ್ರಿ ಮತ್ತೊಮ್ಮೆ ಹಾಳೆ ತಿರುವಿ ನೋಡಿದೆ.

ಬಿದ್ದ ಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು
ಮಾಡಿನ ಮೇಲೆ ಎಸೆದರೆ ಹೊಸದು ಬೇಗ ಬರುತ್ತದೆ.
ನಾನೇ ಹೇಳಿಕೊಟ್ಟದ್ದು, ಮಾದಾಪುರದ ನಮ್ಮ ಅಂಗಳದಲ್ಲಿ,
ಹೆಂಚು ತೋರಿಸುತ್ತ.
ಅವಳು ಅದನ್ನು ಬೆಂಕಿಪೊಟ್ಟಣಕ್ಕೆ ಹಾಕಿದಳು.
‘ಅವ್ವನ ಮನೇಲಿ ಮಾಡಿಲ್ಲ ಪಪ್ಪ. ಮೇಲೆ ಟೀಚರ್ ಮನೆ.’
‘ಅದಕ್ಕೇ ಇಲ್ಲಿ ಎಸೆ.’
‘ಅವ್ವ ನೋಡಬೇಡ್ವಾ?’

ಮದುವೆಯ ದಿನ ತನುಜನ ಕಡೆಯ ಅರುವ
ಹನ್ನೆರಡು ಕಲ್ಲಿನಲ್ಲಿ ಹನ್ನೊಂದನ್ನು
ನಮ್ಮವರ ಕೈಗೆ ಎಣಿಸಿ ಕೊಟ್ಟಿದ್ದ.
ಒಂದನ್ನು ಇಟ್ಟುಕೊಂಡಿದ್ದ.
ಆ ಒಂದರ ದಾರಿ ಹಿಡಿದೇ ಅವಳು ಹೊರಟದ್ದು.
ಹಿರಿಯರು ದೂರ ನೋಡಿದ್ದರು, ತಪ್ಪೆನ್ನಲಾರೆ.
ಉಳಿದ ಹನ್ನೊಂದು ಎಲ್ಲಿವೆಯೋ.
ವಕೀಲರು ಒಡವೆಯ ಪಟ್ಟಿ ಕೇಳಿದರು,
ಕಲ್ಲಿನ ಲೆಕ್ಕ ಕೇಳಲಿಲ್ಲ.

ಭಾನುವಾರ ಐದಕ್ಕೆ ಸುಂಟಿಕೊಪ್ಪ.
ಮಾದಾಪುರದಿಂದ ನನ್ನ ಜೀಪು,
ಕುಶಾಲನಗರದಿಂದ ಅವಳ ಸ್ಕೂಟರು,
ನಡುವೆ ಮೊಯ್ದುವಿನ ಬೇಕರಿ.
ಚೀಲ ಕೈ ಬದಲಾಗುತ್ತದೆ, ಪುಟ್ಟ ಹೆಲ್ಮೆಟ್ಟಿನ ಬಕಲ್ ಬೀಳುತ್ತದೆ,
ಎಲ್ಲ ಸೇರಿ ನಾಲ್ಕು ನಿಮಿಷ.

ಇವತ್ತು ಬೊಳ್ಳು ಹೆಲ್ಮೆಟ್ ಹಾಕಿಸಿಕೊಳ್ಳಲಿಲ್ಲ.
ಪೊಟ್ಟಣ ತೆರೆದಳು. ಸಗಣಿ ಎಲ್ಲಿಂದ ತರುವುದು?
ತಿನ್ನುತ್ತಿದ್ದ ಬನ್ನಿನ ಚೂರು ಕಿತ್ತು
ಹಲ್ಲನ್ನು ಅದರೊಳಗೆ ಒತ್ತಿ
ಬೇಕರಿಯ ತಗಡಿನ ಮಾಡಿಗೆ ಎಸೆದಳು.
ಬನ್ನು ಮೇಲುಳಿಯಿತು.
ಹಲ್ಲು ಟಿಣ್ಣೆಂದು ಜಾರಿ ಕೆಳಗೆ, ಜಲ್ಲಿಯ ನಡುವೆ.

ನಾನೂ ತನುಜಳೂ ಬಗ್ಗಿದೆವು.
ಅಷ್ಟು ಕಲ್ಲಿನಲ್ಲಿ ಒಂದು ಹಲ್ಲು.
ಅವಳ ಬೈತಲೆಯಲ್ಲಿ ನಾಲ್ಕು ಬಿಳಿಕೂದಲು ಕಂಡವು,
ನನ್ನ ಕಾಲದ್ದೋ ಆಮೇಲಿನದ್ದೋ.
ಸಿಕ್ಕಿದ್ದು ಅವಳಿಗೆ.
ನನ್ನ ಅಂಗೈಗೆ ಹಾಕಿದಳು.
ಎಣಿಸುವುದಕ್ಕೆ ಒಂದೇ ಇತ್ತು.

ಬೊಳ್ಳುವನ್ನು ಹೆಗಲಿಗೇರಿಸಿದೆ.
ಬೀಳದಂತೆ ಅವಳ ಬೆನ್ನಿಗೆ ತನುಜ ಕೈ ಕೊಟ್ಟಳು.
ಈ ಸಲ ಹಲ್ಲು ಮೇಲೇ ನಿಂತಿತು.
‘ಯಾರದು ಕಲ್ಲು ಹೊಡೆಯೋದು?’ ಒಳಗಿಂದ ಮೊಯ್ದು.
ಮೂವರೂ ಉಸಿರು ಬಿಗಿಹಿಡಿದೆವು, ಕಳ್ಳರ ಹಾಗೆ.

ಸ್ಕೂಟರು ಹೊರಟಾಗ ಐದೂ ಹದಿನೇಳು.

ಎರಡು ವಾರದ ಮೇಲೆ ಪುಸ್ತಕ ತೆರೆದರೆ
ಸಂಬೋಧನೆ ಇಲ್ಲದ, ಸಹಿ ಇಲ್ಲದ ಎರಡು ಸಾಲು:
ಮೇಲಿನದೂ ಅಲ್ಲಾಡುತ್ತಿದೆ.
ರೊಟ್ಟಿ ಸ್ವಲ್ಪ ಮೆತ್ತಗೆ ಮಾಡಿ.